ಪರವಾನಗಿ ಕೊಡುವವರೇ ಇಲ್ಲದ ವ್ಯಾಪಾರ



2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ಗೆ ಒಂದು ಯಂತ್ರ ಬಂದು ಕೂತಿತು. ನೋಡಲು ಎಟಿಎಂ ಹಾಗೇ ಇತ್ತು, ಆದರೆ ಯಾವ ಬ್ಯಾಂಕಿನದೂ ಅಲ್ಲ. ಯೂನೊಕಾಯಿನ್ ಎಂಬ ಬೆಂಗಳೂರಿನ ಕ್ರಿಪ್ಟೊ ವಿನಿಮಯ ಕಂಪನಿ ಅದನ್ನು ಇಟ್ಟಿತ್ತು. ಗ್ರಾಹಕ ನಗದು ತುಂಬಿದರೆ ಕಂಪನಿಯಲ್ಲಿನ ಅವನ ಲೆಕ್ಕಕ್ಕೆ ಜಮೆಯಾಗುತ್ತದೆ, ಅದರಿಂದ ಬಿಟ್‌ಕಾಯಿನ್ ಕೊಳ್ಳಬಹುದು, ಮಾರಿದರೆ ಅದೇ ಯಂತ್ರದಿಂದ ನೋಟು ಎಣಿಸಿಕೊಳ್ಳಬಹುದು ಎಂಬುದು ಯೋಜನೆ. ಕೆಲವೇ ದಿನಗಳಲ್ಲಿ ಪೊಲೀಸರು ಬಂದು ಯಂತ್ರವನ್ನು ಜಪ್ತಿ ಮಾಡಿದರು, ಕಂಪನಿ ಕಟ್ಟಿದವರನ್ನು ಬಂಧಿಸಿದರು. ಸಂಬಂಧಪಟ್ಟ ಪ್ರಾಧಿಕಾರದಿಂದ ಅನುಮತಿ ಪಡೆದಿರಲಿಲ್ಲ ಎಂಬುದು ಮುಖ್ಯ ಆರೋಪ. ಅನುಮತಿ ಪಡೆದಿರಲಿಲ್ಲ ಎಂಬುದು ನಿಜ. ಆದರೆ ಆ ಅನುಮತಿಯನ್ನು ಕೊಡಬೇಕಾದ ಕಚೇರಿ ಯಾವುದು ಎಂದು ಕೇಳಿದ್ದರೆ ಪಾಲಿಕೆಯಿಂದ ಹಿಡಿದು ರಿಸರ್ವ್ ಬ್ಯಾಂಕಿನವರೆಗೆ ಯಾರೂ ‘ನಮ್ಮದು’ ಎನ್ನುತ್ತಿರಲಿಲ್ಲ. ಅರ್ಜಿ ನಮೂನೆಯೇ ಇಲ್ಲದ ಪರವಾನಗಿಯನ್ನು ಪಡೆದಿಲ್ಲವೆಂದು ಅವರನ್ನು ಹಿಡಿದೊಯ್ದದ್ದು ಪೊಲೀಸರ ಅತ್ಯುತ್ಸಾಹ ಎಂದು ತಳ್ಳಿಹಾಕಿದರೆ ವಿಷಯದ ತಿರುಳೇ ಕೈತಪ್ಪುತ್ತದೆ. ನಮ್ಮ ದೇಶದಲ್ಲಿ ಕ್ರಿಪ್ಟೊ ವಿನಿಮಯ ಕೇಂದ್ರವೊಂದನ್ನು ಶುರುಮಾಡಲು ಇರುವ ಅಡ್ಡಿಗಳ ಪಟ್ಟಿ ಉದ್ದವಿದೆ: ತೆರಿಗೆ, ಬ್ಯಾಂಕು, ಬಂಡವಾಳ, ಹ್ಯಾಕರ್‌ಗಳ ಕಾಟ. ಇವೆಲ್ಲದರ ಬೇರು ಒಂದೇ ಎಂಬುದು ನನ್ನ ವಾದ. ಸರ್ಕಾರ ಈ ವ್ಯಾಪಾರಕ್ಕೆ ಹೊಣೆಗಳನ್ನು ಹೊರಿಸಿದೆ, ಸ್ಥಾನವನ್ನು ಮಾತ್ರ ಕೊಟ್ಟಿಲ್ಲ. ಕಾನೂನು ಕಠಿಣವಾಗಿರುವುದು ಇಲ್ಲಿ ತೊಂದರೆಯಲ್ಲ. ಕಠಿಣವಾಗಲು ಬೇಕಾದಷ್ಟು ಕಾನೂನೂ ಇಲ್ಲದಿರುವುದು ತೊಂದರೆ.

ಮೊದಲು ಈ ವ್ಯಾಪಾರದ ಸ್ವರೂಪ ನೋಡೋಣ. ಬಿಟ್‌ಕಾಯಿನ್‌ಗೆ ಊರಿಲ್ಲ. ಅದರ ಲೆಕ್ಕದ ಪುಸ್ತಕ ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಒಟ್ಟಿಗೇ ಇರುತ್ತದೆ. ಹಾಗಿರುವಾಗ ‘ಸ್ಥಳೀಯ’ ವಿನಿಮಯ ಕೇಂದ್ರ ಎನ್ನುವುದಕ್ಕೆ ಏನರ್ಥ? ಅದರಲ್ಲಿ ಸ್ಥಳೀಯವಾದದ್ದು ಒಂದೇ, ರೂಪಾಯಿ. ದಾವಣಗೆರೆಯ ಗ್ರಾಹಕನ ಉಳಿತಾಯ ಖಾತೆಯಿಂದ ಹೊರಟ ರೂಪಾಯಿ ಕೇಂದ್ರದ ಬ್ಯಾಂಕ್ ಖಾತೆಗೆ ಬಂದು ಸೇರಬೇಕು, ಅವನು ಮಾರಿದಾಗ ಅದೇ ದಾರಿಯಲ್ಲಿ ಹಿಂದಿರುಗಬೇಕು. ಮಿಕ್ಕದ್ದನ್ನೆಲ್ಲ, ಬೆಲೆ ಹೊಂದಿಸುವ ತಂತ್ರಾಂಶ, ವ್ಯಾಲೆಟ್, ಸರ್ವರ್ ಎಲ್ಲವನ್ನೂ, ಎಲ್ಲಿ ಬೇಕಾದರೂ ಕುಳಿತು ಕಟ್ಟಬಹುದು, ಕಟ್ಟಿದ್ದನ್ನು ಬಾಡಿಗೆಗೂ ಪಡೆಯಬಹುದು. ರೂಪಾಯಿಯ ಬಾಗಿಲನ್ನು ಮಾತ್ರ ಬ್ಯಾಂಕು ತೆರೆಯಬೇಕು. ಆದ್ದರಿಂದ ಈ ವ್ಯಾಪಾರವನ್ನು ನಿಲ್ಲಿಸಲು ನಿಷೇಧ ಬೇಕಾಗಿಲ್ಲ, ಬ್ಯಾಂಕ್ ಮ್ಯಾನೇಜರ್ ತಲೆ ಅಲ್ಲಾಡಿಸಿದರೆ ಸಾಕು. ಕಳೆದ ಹತ್ತು ಹನ್ನೆರಡು ವರ್ಷಗಳ ಚರಿತ್ರೆ ಬಹುಮಟ್ಟಿಗೆ ಈ ತಲೆ ಅಲ್ಲಾಡಿಸುವಿಕೆಯ ಚರಿತ್ರೆ.

2013ರ ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕ್ ಮೊದಲ ಎಚ್ಚರಿಕೆ ಕೊಟ್ಟಿತು. 2017ರಲ್ಲಿ ಮತ್ತೆ ಎರಡು ಸಲ ಎಚ್ಚರಿಸಿತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ ಎಚ್ಚರಿಕೆ ಆಜ್ಞೆಯಾಯಿತು: ತನ್ನ ಹಿಡಿತದಲ್ಲಿರುವ ಯಾವ ಸಂಸ್ಥೆಯೂ ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಸೇವೆ ಕೊಡಕೂಡದು, ಈಗಾಗಲೇ ಕೊಡುತ್ತಿರುವವರು ಮೂರು ತಿಂಗಳೊಳಗೆ ಸಂಬಂಧ ಕಡಿದುಕೊಳ್ಳಬೇಕು. ಕ್ರಿಪ್ಟೊ ಇಟ್ಟುಕೊಳ್ಳುವುದು ಅಪರಾಧವೆಂದು ಈ ಸುತ್ತೋಲೆ ಹೇಳಲಿಲ್ಲ. ಹೇಳುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇರಲೂ ಇಲ್ಲ. ಆದರೂ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜೆಬ್‌ಪೇ ಎಂಬ ವಿನಿಮಯ ಕೇಂದ್ರ ಭಾರತದ ವಹಿವಾಟು ನಿಲ್ಲಿಸಿತು, ಮರುವರ್ಷ ಕಾಯಿನ್‌ಡೆಲ್ಟಾ ಮತ್ತು ಕಾಯಿನೆಕ್ಸ್ ಕೇಂದ್ರಗಳು ಮುಚ್ಚಿದವು. ಮಾಲ್‌ನ ಆ ಯಂತ್ರವೂ ಇದೇ ಸಂಕಟದ ಕೂಸು. ಬ್ಯಾಂಕಿನ ದಾರಿ ಮುಚ್ಚಿದ್ದರಿಂದ ಕಂಪನಿ ನಗದಿನ ದಾರಿ ಹುಡುಕಿತ್ತು. ಖಾತೆಯಲ್ಲಿ ಜಾಡು ಬಿಡುವ ಹಣವನ್ನು ಜಾಡೇ ಇಲ್ಲದ ನೋಟಿನ ಕಡೆಗೆ ತಳ್ಳುವ ಆರ್ಥಿಕ ನೀತಿಯನ್ನು ಯಾರೂ ಬೇಕೆಂದು ರೂಪಿಸಿದ್ದಿರಲಾರರು.

2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಸುತ್ತೋಲೆಯನ್ನು ರದ್ದು ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್. ಈ ತೀರ್ಪನ್ನು ಕ್ರಿಪ್ಟೊ ಪರವಾದ ತೀರ್ಪು ಎಂದು ಓದುವವರು ಬಹಳ. ಅದು ಪೂರ್ತಿ ಸರಿಯಲ್ಲ. ರಿಸರ್ವ್ ಬ್ಯಾಂಕಿಗೆ ಈ ಕ್ಷೇತ್ರದಲ್ಲಿ ಕೈಹಾಕುವ ಅಧಿಕಾರ ಉಂಟು ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಆದರೆ ವಿನಿಮಯ ಕೇಂದ್ರಗಳಿಂದ ತನ್ನ ಅಧೀನ ಬ್ಯಾಂಕುಗಳಿಗೆ ಹಾನಿಯಾಗಿದೆ ಎಂದು ಒಂದು ನಿದರ್ಶನವನ್ನೂ ಅದು ತೋರಿಸಿಲ್ಲ, ನಿಷೇಧವಿಲ್ಲದ ವೃತ್ತಿಯೊಂದರ ಉಸಿರನ್ನೇ ಕಟ್ಟುವಂಥ ಕ್ರಮ ಅಪಾಯದ ಅಳತೆಗೆ ಮೀರಿದ್ದು ಎಂದಿತು. ತೀರ್ಪಿನ ಕೊನೆಯಲ್ಲಿ ಒಂದು ಸಣ್ಣ ನಿರ್ದೇಶನವಿದೆ: ಸೆಂಟ್ರಲ್ ಬ್ಯಾಂಕಿನ ಲೋಣಾವಳ ಶಾಖೆಯಲ್ಲಿ ಅರ್ಜಿದಾರ ಕಂಪನಿಯೊಂದರ 12 ಕೋಟಿ 33 ಲಕ್ಷಕ್ಕೂ ಮಿಕ್ಕ ಹಣ ಸಿಕ್ಕಿಬಿದ್ದಿತ್ತು, ಅದನ್ನು ಬಡ್ಡಿಸಮೇತ ಬಿಡಿಸಿಕೊಡಬೇಕು. ಸಂವಿಧಾನದ 19ನೇ ವಿಧಿಯ ದೊಡ್ಡ ಚರ್ಚೆ ನಡೆಯುತ್ತಿದ್ದಷ್ಟು ಕಾಲ ಒಂದು ಗಿರಿಧಾಮದ ಶಾಖೆಯ ಕರೆಂಟ್ ಅಕೌಂಟಿನಲ್ಲಿ ಒಂದು ವ್ಯಾಪಾರದ ಜೀವ ಕೂತಿತ್ತು.

ತೀರ್ಪು ಬಂದ ಮೇಲೂ ಬಾಗಿಲು ತೆರೆಯಿತೇ? ವರ್ಷ ಕಳೆದ ಮೇಲೂ ದೊಡ್ಡ ಬ್ಯಾಂಕುಗಳು ರದ್ದಾದ ಅದೇ ಸುತ್ತೋಲೆಯನ್ನು ಉಲ್ಲೇಖಿಸಿ ಗ್ರಾಹಕರಿಗೆ ಎಚ್ಚರಿಕೆಯ ಮಿಂಚಂಚೆ ಕಳಿಸುತ್ತಿದ್ದವು. ಹಾಗೆ ಉಲ್ಲೇಖಿಸಬಾರದೆಂದು 2021ರ ಮೇ 31ರಂದು ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು. ಇನ್ನೊಂದು ಪ್ರಸಂಗ ಬೆಂಗಳೂರಿನಲ್ಲೇ ನಡೆಯಿತು. ಅಮೆರಿಕದ ಕಾಯಿನ್‌ಬೇಸ್ 2022ರ ಏಪ್ರಿಲ್ 7ರಂದು ಇಲ್ಲಿ ಸಮಾರಂಭ ಮಾಡಿ, ಯುಪಿಐ ಮೂಲಕ ಕ್ರಿಪ್ಟೊ ಕೊಳ್ಳಬಹುದೆಂದು ಘೋಷಿಸಿತು. ಯಾವ ಕ್ರಿಪ್ಟೊ ವಿನಿಮಯ ಕೇಂದ್ರವೂ ಯುಪಿಐ ಬಳಸುತ್ತಿರುವುದು ತನಗೆ ಗೊತ್ತಿಲ್ಲವೆಂದು ಯುಪಿಐ ನಡೆಸುವ ಎನ್‌ಪಿಸಿಐ ಎರಡು ಸಾಲಿನ ಹೇಳಿಕೆ ಕೊಟ್ಟಿತು. ಅದರಲ್ಲಿ ನಿಷೇಧವೂ ಇಲ್ಲ, ಅನುಮತಿಯೂ ಇಲ್ಲ. ಕೆಲವೇ ದಿನಗಳಲ್ಲಿ ಆ ಸೌಲಭ್ಯ ನಿಂತಿತು. ರಿಸರ್ವ್ ಬ್ಯಾಂಕಿನಿಂದ ಅನೌಪಚಾರಿಕ ಒತ್ತಡ ಇತ್ತೆಂದು ಕಂಪನಿಯ ಮುಖ್ಯಸ್ಥರು ಮುಂದಿನ ತಿಂಗಳು ಹೂಡಿಕೆದಾರರಿಗೆ ತಿಳಿಸಿದರು. ಅಮೆರಿಕದ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗೇ ಈ ಗತಿಯಾದರೆ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ನಾಲ್ಕು ಜನ ಎಂಜಿನಿಯರುಗಳು ಸೇರಿ ಕಟ್ಟುವ ಕಂಪನಿಯ ಪಾಡು ಹೇಳಬೇಕಿಲ್ಲ. ಲಿಖಿತ ಆದೇಶವಾದರೆ ಕೋರ್ಟಿನಲ್ಲಿ ಪ್ರಶ್ನಿಸಬಹುದು, 2018ರದ್ದನ್ನು ಪ್ರಶ್ನಿಸಿ ಗೆದ್ದದ್ದೂ ಆಯಿತು. ಬಾಯಿಮಾತಿನ ಒತ್ತಡದ ಮೇಲೆ ರಿಟ್ ಅರ್ಜಿ ಹಾಕುವುದು ಹೇಗೆ?

ಇನ್ನು ತೆರಿಗೆ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 2022ರ ಬಜೆಟ್‌ನಲ್ಲಿ ಕ್ರಿಪ್ಟೊ ಲಾಭದ ಮೇಲೆ ಶೇ. 30 ತೆರಿಗೆ ಹಾಕಿದರು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಬಿಟ್‌ಕಾಯಿನ್‌ನಲ್ಲಿ ಇಪ್ಪತ್ತು ಸಾವಿರ ಗಳಿಸಿ ಈಥರ್‌ನಲ್ಲಿ ಇಪ್ಪತ್ತು ಸಾವಿರ ಕಳೆದುಕೊಂಡವನ ಕೈಯಲ್ಲಿ ಉಳಿದದ್ದು ಸೊನ್ನೆ. ಕಟ್ಟಬೇಕಾದ ತೆರಿಗೆ ಸೆಸ್ ಸೇರಿ 6,240 ರೂಪಾಯಿ. ಕುದುರೆ ಜೂಜಿಗೂ ಲಾಟರಿಗೂ ಇರುವ ದರ ಇದೇ ಆದ್ದರಿಂದ ಸರ್ಕಾರದ ಮನಸ್ಸು ಎಲ್ಲಿದೆ ಎಂಬುದೇನೂ ಗುಟ್ಟಲ್ಲ. ಆದರೆ ವಿನಿಮಯ ಕೇಂದ್ರದ ಕುತ್ತಿಗೆ ಹಿಡಿದದ್ದು ಈ ಮೂವತ್ತಲ್ಲ, ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಶೇ. 1ರ ಟಿಡಿಎಸ್. ಪ್ರತಿ ಮಾರಾಟದಲ್ಲೂ, ಲಾಭವಿರಲಿ ನಷ್ಟವಿರಲಿ, ಪೂರ್ತಿ ಮೊತ್ತದ ನೂರರಲ್ಲೊಂದು ಪಾಲು ಕಡಿತ. ಒಂದು ಲಕ್ಷ ರೂಪಾಯಿ ಇಟ್ಟುಕೊಂಡು ಕೊಂಡು ಮಾರುತ್ತ ಹೋದರೆ, ಬೆಲೆ ಒಂದಿಷ್ಟೂ ಬದಲಾಗದಿದ್ದರೂ, ಎಪ್ಪತ್ತನೆಯ ಮಾರಾಟದ ಹೊತ್ತಿಗೆ ಕೈಯಲ್ಲಿ ಐವತ್ತು ಸಾವಿರಕ್ಕೂ ಕಡಿಮೆ ಉಳಿದಿರುತ್ತದೆ. ಮಿಕ್ಕದ್ದು ಆದಾಯ ತೆರಿಗೆ ಇಲಾಖೆಯಲ್ಲಿ, ರಿಟರ್ನ್ ಸಲ್ಲಿಸಿ ಮರುಪಾವತಿಗೆ ಕಾಯಬೇಕು.

ಅಷ್ಟು ಸಲ ಯಾರು ಮಾರುತ್ತಾರೆ ಎಂದು ಕೇಳಬಹುದು. ಸಾಮಾನ್ಯ ಗ್ರಾಹಕ ಮಾರುವುದಿಲ್ಲ. ಆದರೆ ಯಾವ ವಿನಿಮಯ ಕೇಂದ್ರದಲ್ಲೂ ಕೊಳ್ಳುವವನು ಬಂದ ಕ್ಷಣದಲ್ಲೇ ಮಾರುವವನು ಬಂದು ನಿಂತಿರುವುದಿಲ್ಲ. ನಡುವೆ ಒಬ್ಬ ಸದಾ ಎರಡೂ ಕಡೆ ಬೆಲೆ ಹಿಡಿದು ಕಾಯುತ್ತಿರಬೇಕು, ಒಂದೊಂದು ವಹಿವಾಟಿನಲ್ಲಿ ನಾಲ್ಕಾರು ಪೈಸೆ ಉಳಿದರೆ ಸಾಕೆಂದು ದಿನಕ್ಕೆ ನೂರಾರು ಸಲ ಕೊಂಡು ಮಾರಬೇಕು. ಸಂತೆಯ ದಲ್ಲಾಳಿಯ ಹಾಗೆ ಅವನಿದ್ದರೆ ಪೇಟೆ, ಇಲ್ಲದಿದ್ದರೆ ಬಯಲು. ನೂರಕ್ಕೆ ನಾಲ್ಕಾಣೆ ಉಳಿಯುವ ಕಡೆ ನೂರಕ್ಕೆ ಒಂದು ರೂಪಾಯಿ ಹಿಡಿದರೆ ಅವನು ನಿಲ್ಲುವುದಿಲ್ಲ. ಅವನು ಹೋದರೆ ಕೊಳ್ಳುವ ಮತ್ತು ಮಾರುವ ಬೆಲೆಯ ಅಂತರ ಹಿಗ್ಗುತ್ತದೆ, ಆಗ ಸಾಮಾನ್ಯ ಗ್ರಾಹಕನೂ ಬೇರೆ ಕಡೆ ನೋಡುತ್ತಾನೆ. ಅದೇ ಆಯಿತು. 2022ರ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಸುಮಾರು 380 ಕೋಟಿ ಡಾಲರ್‌ನಷ್ಟು ವಹಿವಾಟು ದೇಶದ ಕೇಂದ್ರಗಳಿಂದ ವಿದೇಶಿ ಕೇಂದ್ರಗಳಿಗೆ ಜಾರಿತೆಂದು ದೆಹಲಿಯ ಚಿಂತನ ಸಂಸ್ಥೆ ಎಸ್ಯಾ ಸೆಂಟರ್ ಅಂದಾಜು ಮಾಡಿತು. ಹಳೆಯ ದೊಡ್ಡ ಕಂಪನಿಗಳು ಹಿಂದಿನ ಬಂಡವಾಳ ಕರಗಿಸಿಕೊಂಡು ಉಳಿದವು. ಹೊಸದಾಗಿ ಶುರುಮಾಡುವವರಿಗೆ ಕರಗಿಸಿಕೊಳ್ಳಲು ಏನಿದೆ?

ವಿದೇಶಿ ಕೇಂದ್ರಕ್ಕೆ ರೂಪಾಯಿ ಹೇಗೆ ಹೋಯಿತು ಎಂಬುದು ನೋಡಬೇಕಾದ ಸಂಗತಿ. ಬ್ಯಾಂಕಿನ ಬಾಗಿಲು ಅವರಿಗೂ ಇಲ್ಲವಲ್ಲ. ಅವರ ವೇದಿಕೆಯಲ್ಲಿ ಇಬ್ಬರು ಅಪರಿಚಿತರು ನೇರ ವ್ಯವಹಾರ ಮಾಡುತ್ತಾರೆ: ಕೊಳ್ಳುವವನು ಮಾರುವವನ ಖಾತೆಗೆ ಯುಪಿಐನಲ್ಲಿ ಹಣ ಹಾಕುತ್ತಾನೆ, ವೇದಿಕೆ ಹಿಡಿದಿಟ್ಟುಕೊಂಡ ನಾಣ್ಯವನ್ನು ಅವನಿಗೆ ಬಿಡುತ್ತದೆ. ಹಾಸನದಲ್ಲಿ ಕೂತು ಹೀಗೆ ಮಾರಿದವನ ಖಾತೆಗೆ ಬಂದ ಇಪ್ಪತ್ತು ಸಾವಿರ, ಇನ್ನಾವುದೋ ರಾಜ್ಯದಲ್ಲಿ ಯಾರನ್ನೋ ವಂಚಿಸಿ ತೆಗೆದ ಹಣವಾಗಿದ್ದರೆ? ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಾರೆ, ಅಲ್ಲಿನ ಪೊಲೀಸರು ಖಾತೆಯಿಂದ ಖಾತೆಗೆ ಜಾಡು ಹಿಡಿಯುತ್ತಾರೆ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 102ನೇ ಸೆಕ್ಷನ್, ಈಗ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಅಡಿ ಹಾಸನದ ಖಾತೆ ಫ್ರೀಜ್ ಆಗುತ್ತದೆ. ಸಂಬಳ ಬರುವ ಖಾತೆ, ಸಾಲದ ಕಂತು ಹೋಗುವ ಖಾತೆ ಅದೇ. ಕೊಳ್ಳುವವನ ಗುರುತು ಪರೀಕ್ಷಿಸಿ, ಹಣದ ಮೂಲ ನೋಡಿ, ಅನುಮಾನ ಬಂದರೆ ತಡೆಯುವ ಕೆಲಸವನ್ನು ಮಾಡಬೇಕಾಗಿದ್ದ ದೇಶೀಯ ಕೇಂದ್ರವನ್ನು ಸೊರಗಿಸಿದ್ದರ ಫಲ ಹೀಗೆ ತಿರುಗಿ ಬಂದು ಪೊಲೀಸರ ಕಡತಗಳಲ್ಲೇ ಜಮೆಯಾಗುತ್ತಿದೆ.

ಸರ್ಕಾರ ಸುಮ್ಮನಿಲ್ಲ ಎನ್ನಬಹುದು, ನಿಜ. 2023ರ ಮಾರ್ಚ್ 7ರ ಅಧಿಸೂಚನೆ ಈ ಕೇಂದ್ರಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ಈಗ ಹಣಕಾಸು ಗುಪ್ತಚರ ಘಟಕದಲ್ಲಿ, ಅಂದರೆ ಎಫ್‌ಐಯುನಲ್ಲಿ, ನೋಂದಣಿ ಕಡ್ಡಾಯ. ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕು, ಪ್ರತಿ ಗ್ರಾಹಕನ ಕೆವೈಸಿ ಇರಬೇಕು, ಅನುಮಾನಾಸ್ಪದ ವಹಿವಾಟಿನ ವರದಿ ಕೊಡಬೇಕು, ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ನಿಯಮದಂತೆ ದಾಖಲೆಗಳನ್ನು ಐದು ವರ್ಷ ಕಾಪಾಡಬೇಕು. ನೋಂದಣಿಯಿಲ್ಲದೆ ವ್ಯವಹರಿಸುತ್ತಿದ್ದ ಒಂಬತ್ತು ವಿದೇಶಿ ಕೇಂದ್ರಗಳಿಗೆ 2023ರ ಡಿಸೆಂಬರ್‌ನಲ್ಲಿ ನೋಟಿಸು ಹೋಯಿತು, ಅವುಗಳ ಜಾಲತಾಣಗಳನ್ನು ತಡೆಯಲಾಯಿತು. ಅವುಗಳಲ್ಲೊಂದಾದ ಬೈನಾನ್ಸ್‌ಗೆ ಮರುವರ್ಷ 18.82 ಕೋಟಿ ರೂಪಾಯಿ ದಂಡ ಬಿತ್ತು. ಇದೆಲ್ಲ ಬೇಕಾದದ್ದೇ, ಇದರ ವೆಚ್ಚವನ್ನು ಅಡ್ಡಿ ಎಂದು ದೂರುವವರ ಜೊತೆ ನಾನಿಲ್ಲ. ಆದರೆ ಎಫ್‌ಐಯು ನೋಂದಣಿ ಎಂದರೆ ಪರವಾನಗಿ ಅಲ್ಲ. ಕಳ್ಳಹಣ ಬಂದರೆ ನಮಗೆ ತಿಳಿಸಿ ಎಂಬುದಷ್ಟೇ ಅದರ ಸಾರ. ಗ್ರಾಹಕರ ನಾಣ್ಯವನ್ನು ಕಂಪನಿಯ ನಾಣ್ಯದಿಂದ ಬೇರೆ ಇಟ್ಟಿದ್ದೀರಾ, ನಿಮ್ಮ ಸ್ವಂತ ಬಂಡವಾಳ ಎಷ್ಟು, ನೀವು ಮುಳುಗಿದರೆ ಗ್ರಾಹಕನಿಗೆ ಮೊದಲು ಕೊಡುವವರಾರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರ ಸಾಕ್ಷಿ. 2022ರ ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯ ಅದರ 64.67 ಕೋಟಿ ರೂಪಾಯಿಯನ್ನು ತಡೆಹಿಡಿದ ಬೆನ್ನಲ್ಲೇ ಈ ಕೇಂದ್ರದ ಮಾಲೀಕ ಯಾರು ಎಂಬ ಬಗ್ಗೆ ಬೈನಾನ್ಸ್ ಮುಖ್ಯಸ್ಥರಿಗೂ ಇಲ್ಲಿನ ಸಂಸ್ಥಾಪಕರಿಗೂ ಟ್ವಿಟರ್‌ನಲ್ಲಿ ಬಹಿರಂಗ ಜಗಳವಾಯಿತು. ಲಕ್ಷಾಂತರ ಗ್ರಾಹಕರ ಆಸ್ತಿ ಹಿಡಿದ ಸಂಸ್ಥೆಯೊಂದಕ್ಕೆ ಒಡೆಯ ಯಾರೆಂದು ಹೇಳುವ ಸರ್ಕಾರಿ ಕಡತ ಒಂದೂ ಇರಲಿಲ್ಲ. 2024ರ ಜುಲೈ 18ರಂದು ಹ್ಯಾಕರ್‌ಗಳು ಅದರ ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ಹತ್ತಿರಹತ್ತಿರ ಎರಡು ಸಾವಿರ ಕೋಟಿ ರೂಪಾಯಿ ಬೆಲೆಯ ನಾಣ್ಯಗಳನ್ನು ದೋಚಿದರು. ನಷ್ಟವನ್ನು ಹೇಗೆ ಹಂಚಬೇಕೆಂದು ತೀರ್ಮಾನವಾದದ್ದು ಸಿಂಗಪುರದ ಹೈಕೋರ್ಟಿನಲ್ಲಿ, ಮಾತೃಸಂಸ್ಥೆ ಅಲ್ಲಿನದಾದ್ದರಿಂದ. 2025ರ ಅಕ್ಟೋಬರ್‌ನಲ್ಲಿ ಆ ಯೋಜನೆಗೆ ಒಪ್ಪಿಗೆ ಸಿಗುವವರೆಗೆ, ಹದಿನೈದು ತಿಂಗಳು, ಇಲ್ಲಿನ ಗ್ರಾಹಕರ ನಾಣ್ಯಗಳು ಅಲ್ಲಾಡಲಿಲ್ಲ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಕಳವಾದಾಗ ಕಂಪನಿ ತನ್ನ ಬೊಕ್ಕಸದಿಂದಲೇ ತುಂಬಿಕೊಂಡಿತು. ಮೆಚ್ಚಬೇಕಾದದ್ದು. ಆದರೆ ಹಾಗೆ ತುಂಬಬೇಕೆಂದು ನಿಯಮವಿರಲಿಲ್ಲ, ತುಂಬುವಷ್ಟು ಬೊಕ್ಕಸ ಇರಬೇಕೆಂಬ ನಿಯಮವೂ ಇರಲಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಇಷ್ಟೆಲ್ಲ ಅನಾಹುತವಾಗಿರುವ ವ್ಯಾಪಾರ ನಮಗೆ ಬೇಕೇ? ಇದರ ಹಿಂದೆ ಉತ್ಪಾದನೆಯಿಲ್ಲ, ಆಸ್ತಿಯಿಲ್ಲ, ಟುಲಿಪ್ ಗೆಡ್ಡೆಯಷ್ಟು ಬೆಲೆಯೂ ಇಲ್ಲ ಎಂದು 2022ರಲ್ಲಿ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರೇ ಹೇಳಿದ್ದರು. ನಮ್ಮ ರಾಜ್ಯದಲ್ಲೂ 2020ರ ಹ್ಯಾಕಿಂಗ್ ಪ್ರಕರಣ ‘ಬಿಟ್‌ಕಾಯಿನ್ ಹಗರಣ’ವಾಗಿ ಬೆಳೆದು, 2023ರಲ್ಲಿ ವಿಶೇಷ ತನಿಖಾ ದಳ ನೇಮಿಸುವವರೆಗೆ ಹೋಯಿತು. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕ್ರಿಪ್ಟೊ ಕೊಳ್ಳಿ ಎಂದು ಯಾರಿಗೂ ಹೇಳಲು ನಾನಿಲ್ಲಿ ಬಂದಿಲ್ಲ. ಬೇಡವೆಂಬುದೇ ನಿರ್ಣಯವಾದರೆ ಸಂಸತ್ತು ಹಾಗೆಂದು ಕಾನೂನು ಮಾಡಲಿ. ಅಂಥ ಕರಡು ಸಿದ್ಧವೂ ಆಗಿತ್ತು; 2019ರಲ್ಲಿ ಕೇಂದ್ರ ಸರ್ಕಾರದ ಸುಭಾಷ್ ಚಂದ್ರ ಗರ್ಗ್ ಸಮಿತಿ ಹತ್ತು ವರ್ಷದವರೆಗಿನ ಜೈಲುಶಿಕ್ಷೆ ಸೂಚಿಸಿತ್ತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಮಸೂದೆಯ ಹೆಸರು ಬಂತು, ಮಸೂದೆ ಬರಲಿಲ್ಲ. ಅದರ ಬದಲು ತೆರಿಗೆ ಬಂತು. ಪಾಲು ತೆಗೆದುಕೊಳ್ಳುತ್ತಲೇ ಪರಿಚಯ ಇಲ್ಲವೆನ್ನುವುದು ನೈತಿಕ ನಿಲುವೂ ಅಲ್ಲ, ವ್ಯಾವಹಾರಿಕ ನಿಲುವೂ ಅಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಪರವಾನಗಿ ಕೊಟ್ಟರೆ ಜನ ಅದನ್ನು ಸರ್ಕಾರದ ಮುದ್ರೆ ಎಂದು ನಂಬುತ್ತಾರೆ, ಉಳಿತಾಯವನ್ನೆಲ್ಲ ಸುರಿಯುತ್ತಾರೆ, ಮುಳುಗಿದರೆ ಸರ್ಕಾರವನ್ನು ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಚೀಟಿ ವ್ಯವಹಾರವನ್ನು ನೋಡಿ. 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಚೀಟಿ ಶುರುಮಾಡುವಂತಿಲ್ಲ. ನಡೆಸುವವರು ಚೀಟಿಯ ಮೊತ್ತಕ್ಕೆ ಸರಿಯಾದ ಭದ್ರತೆಯನ್ನು ಮೊದಲೇ ರಿಜಿಸ್ಟ್ರಾರ್ ಹೆಸರಿನಲ್ಲಿ ಇಡಬೇಕು. ಇದರಿಂದ ಚೀಟಿ ಹಾಕುವುದು ಒಳ್ಳೆಯದೆಂದು ಸರ್ಕಾರ ಸಾರಿದ ಹಾಗಾಗಲಿಲ್ಲ. ನಡೆಸುವವನು ಓಡಿಹೋದರೆ ಹಿಡಿಯಲು ಏನಾದರೂ ಇರಲಿ ಎಂಬ ವ್ಯವಸ್ಥೆಯಾಯಿತು. ನೋಂದಣಿಯಿಲ್ಲದ ಚೀಟಿಗಳು ಮೊಹಲ್ಲಾ ಮೊಹಲ್ಲಾಗಳಲ್ಲಿ ಇಂದಿಗೂ ನಡೆಯುತ್ತವೆ, ಮುಳುಗುತ್ತವೆ ಎನ್ನುವುದೂ ಸತ್ಯ. ಆದರೆ ಮುಳುಗಿದ ಚೀಟಿಯವರು ಠಾಣೆಗೆ ಬಂದಾಗ ಪೊಲೀಸರು ಮೊದಲು ಕೇಳುವುದೇ ‘ರಿಜಿಸ್ಟರ್ ಆಗಿತ್ತಾ?’ ಎಂದು. ಕ್ರಿಪ್ಟೊ ಗ್ರಾಹಕನಿಗೆ ಆ ಪ್ರಶ್ನೆ ಕೇಳುವ ಹಾಗೂ ಇಲ್ಲ.

ಜಪಾನಿನ ದಾರಿ ಇನ್ನೂ ಸ್ಪಷ್ಟ. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ವಿನಿಮಯ ಕೇಂದ್ರ ಕುಸಿದಾಗ ಅದು ಎಂಟೂವರೆ ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದಿತು. ಜಪಾನ್ ವ್ಯಾಪಾರವನ್ನು ಓಡಿಸಲಿಲ್ಲ, 2017ರಿಂದ ನೋಂದಣಿ ಕಡ್ಡಾಯ ಮಾಡಿತು. 2018ರಲ್ಲಿ ಕಾಯಿನ್‌ಚೆಕ್‌ನಿಂದ 50 ಕೋಟಿ ಡಾಲರ್‌ಗೂ ಹೆಚ್ಚು ಕಳವಾಯಿತು. ನೋಂದಣಿ ನಿಯಮದಿಂದ ಏನು ಬಂತು ಎಂದು ಆಗ ಹಂಗಿಸಿದವರುಂಟು. ಜಪಾನ್ ನಿಯಮವನ್ನು ಬಿಗಿ ಮಾಡಿತು: ಗ್ರಾಹಕರ ನಾಣ್ಯದ ಬಹುಪಾಲು ಅಂತರ್ಜಾಲಕ್ಕೆ ತಾಗದ ವ್ಯಾಲೆಟ್‌ನಲ್ಲಿ, ಕಂಪನಿಯ ಆಸ್ತಿಯಿಂದ ಪ್ರತ್ಯೇಕವಾಗಿ ಇರಬೇಕು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಜಗತ್ತಿನಾದ್ಯಂತ ದಿವಾಳಿಯಾದಾಗ ಅದರ ಜಪಾನ್ ಶಾಖೆಯ ಗ್ರಾಹಕರು 2023ರ ಫೆಬ್ರವರಿಯಲ್ಲೇ ತಮ್ಮ ಹಣ ಹಿಂದೆಗೆಯತೊಡಗಿದರು. ಮಿಕ್ಕ ದೇಶಗಳ ಗ್ರಾಹಕರು ಅಮೆರಿಕದ ದಿವಾಳಿ ನ್ಯಾಯಾಲಯದ ಸರದಿಯಲ್ಲಿ ವರ್ಷಗಟ್ಟಲೆ ನಿಂತರು. ನಮ್ಮಲ್ಲೂ ಇಂಥ ನಿಯಮ ಬಂದರೆ ಸಣ್ಣ ಉದ್ಯಮಿಗೆ ಹೊರೆ ಹೆಚ್ಚುತ್ತದೆ, ಹತ್ತರಲ್ಲಿ ಎಂಟು ಮಂದಿ ಅರ್ಜಿಯನ್ನೇ ಹಾಕಲಾರರು ಎಂಬ ಮಾತಿಗೆ ನನ್ನ ಉತ್ತರ ಇಷ್ಟೆ: ಹಾಕಲಾರದವರು ಪರರ ಹಣ ಹಿಡಿಯುವುದು ಬೇಡ. ಉಳಿದ ಇಬ್ಬರಿಗೆ ಬ್ಯಾಂಕಿನಲ್ಲಿ ತೋರಿಸಲು ಒಂದು ಕಾಗದ ಇರುತ್ತದೆ. ಟಿಡಿಎಸ್ ಕೂಡ ಆಗ ಶೇ. 1 ಇರಬೇಕಿಲ್ಲ, ವಹಿವಾಟಿನ ಜಾಡು ಸಿಗುವುದೇ ಉದ್ದೇಶವಾದರೆ ಉದ್ಯಮ ಕೇಳುತ್ತಿರುವ ಶೇ. 0.01ರಲ್ಲೂ ಅದೇ ಜಾಡು ಸಿಗುತ್ತದೆ.

ಸಂಸತ್ತು ಕೈಹಾಕದ ಕಡೆ ನ್ಯಾಯಾಲಯಗಳು ತುಣುಕು ತುಣುಕಾಗಿ ಕೆಲಸ ಮಾಡುತ್ತಿವೆ. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್, ವಜೀರ್‌ಎಕ್ಸ್‌ನ ಒಬ್ಬ ಗ್ರಾಹಕಿಯ ಅರ್ಜಿಯ ಮೇಲೆ, ಕ್ರಿಪ್ಟೊ ಕೂಡ ಆಸ್ತಿಯೇ, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯಿಂದ ಹಿಡಿದಿಡಬಹುದು ಎಂದು ಹೇಳಿತು. ಆಕೆಯ ಬಳಿ ಇದ್ದದ್ದು ಎಕ್ಸ್‌ಆರ್‌ಪಿ ನಾಣ್ಯ, ಕಳವಾದದ್ದು ಬೇರೆ ಬಗೆಯವು. ಬೇರೆಯವರ ನಷ್ಟವನ್ನು ಆಕೆಯ ತಲೆಗೆ ಯಾಕೆ ಕಟ್ಟಬೇಕು ಎಂಬುದು ಪ್ರಶ್ನೆ. ಪ್ರಕರಣ ಮಧ್ಯಸ್ಥಿಕೆಯಲ್ಲಿ ಇತ್ಯರ್ಥವಾಗುವವರೆಗೆ ವಜೀರ್‌ಎಕ್ಸ್ ನಡೆಸುವ ಇಲ್ಲಿನ ಕಂಪನಿ 9.56 ಲಕ್ಷ ರೂಪಾಯಿಯ ಬ್ಯಾಂಕ್ ಖಾತರಿ ಕೊಡಬೇಕೆಂದು ಆದೇಶವಾಯಿತು. ಎಲ್ಲವೂ ಸಿಂಗಪುರದಲ್ಲೇ ತೀರ್ಮಾನವಾಗಬೇಕೆಂದು ಕಂಪನಿ ವಾದಿಸಿತ್ತು. ನ್ಯಾಯಾಲಯ ತನಗೆ ಅಧಿಕಾರವಿದೆ ಎನ್ನಲು ಕೊಟ್ಟ ಕಾರಣಗಳಲ್ಲಿ ಒಂದು, ಆಕೆ ಹಣ ಕಳಿಸಿದ್ದು ಚೆನ್ನೈನ ಬ್ಯಾಂಕ್ ಖಾತೆಯಿಂದ ಎಂಬುದು. ರೂಪಾಯಿ ಹೊರಟ ಜಾಗದಲ್ಲೇ ನ್ಯಾಯ ಕೇಳುವ ಹಕ್ಕೂ ಇದೆ ಎಂದಾಯಿತು. ಆದರೆ ಅದು ಮಧ್ಯಂತರ ಆದೇಶ, ಅದೂ ಒಬ್ಬರ ಮಟ್ಟಿಗೆ. ಬೆಳಗಾವಿಯ, ಬಳ್ಳಾರಿಯ ಗ್ರಾಹಕ ಇದೇ ಮಾತನ್ನು ಹೇಳಿಸಿಕೊಳ್ಳಬೇಕೆಂದರೆ ಸದ್ಯಕ್ಕೆ ಅವನೂ ವಕೀಲರನ್ನು ಹಿಡಿದು ತನ್ನದೇ ಅರ್ಜಿ ಹಾಕಬೇಕು.